ಹೊಗಳಿಕೆ ಕೇಳಲು ಉಳಿಯದ ಸಲೀಂ ಮಿರ್ಜಾ

1974ರಲ್ಲಿ ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಟಾಕೀಸುಗಳಲ್ಲಿ ‘ಗರಂ ಹವಾ’ ಅನ್ನುವ ಚಿತ್ರ ಬಿಡುಗಡೆಯಾಯಿತು. ಹೊಡೆದಾಟ ಇಲ್ಲ, ಕ್ಯಾಬರೆ ಇಲ್ಲ, ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕಿಕೊಳ್ಳಲು ಹರೆಯದ ಹೀರೋ ಸಹ ಇಲ್ಲ. ಇದ್ದವನು ನರೆತ ಗಡ್ಡದ, ಶೇರ್ವಾನಿ ತೊಟ್ಟ ಒಬ್ಬ ಮುದುಕ, ಆಗ್ರಾದ ಚಪ್ಪಲಿ ಬೂಟಿನ ಕಾರ್ಖಾನೆಯ ಮಾಲೀಕ ಸಲೀಂ ಮಿರ್ಜಾ. ಬೇರೆ ಕಡೆಯವರು ಗಲಾಟೆ ಆದೀತೆಂದು ಡಬ್ಬ ಮುಟ್ಟಲು ಹೆದರಿ ಕೂತಿದ್ದರು. ಬೆಂಗಳೂರಿನ ಜನ ಟಿಕೆಟ್ಟು ತಗೊಂಡು ನೋಡಿದರು, ಸದ್ದಿಲ್ಲದೆ ಎದ್ದು ಹೋದರು, ಮಾರನೇ ದಿನ ಇನ್ನೊಬ್ಬರಿಗೆ ಹೇಳಿದರು. ಗಲಾಟೆಯೂ ಇಲ್ಲ, ಗದ್ದಲವೂ ಇಲ್ಲ. ಆಮೇಲೆ ಉಳಿದ ಊರಿನವರಿಗೂ ಧೈರ್ಯ ಬಂತು.

ಈ ಚಿತ್ರದ ನಿರ್ದೇಶಕರು ಮೈಸೂರಿನವರು ಅನ್ನೋದು ಊರಿಗೆಲ್ಲ ಗೊತ್ತು. 1930ರಲ್ಲಿ ಇಲ್ಲೇ ಹುಟ್ಟಿ, ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು, 1952ರಲ್ಲಿ ಬೊಂಬಾಯಿ ರೈಲು ಹತ್ತಿದ ಎಂ.ಎಸ್. ಸತ್ಯು. ಸತ್ಯು ಬಗ್ಗೆ ನಮ್ಮೂರಿನಲ್ಲಿ ಮಾತಾಡುವವರು ಬಹಳ. ಆದರೆ ಆ ಮಿರ್ಜಾನ ಪಾತ್ರ ಮಾಡಿದ ಮನುಷ್ಯನ ಬಗ್ಗೆ ಮಾತು ಕಡಿಮೆ. ವಿಮರ್ಶಕರು ಆತನ ಜೀವಮಾನದ ಶ್ರೇಷ್ಠ ಅಭಿನಯ ಅಂತ ಬರೆದರು, ಕಾಲಂ ಕಾಲಂ ಬರೆದರು. ಓದೋಕೆ ಆತ ಇರಲಿಲ್ಲ. ಬಲರಾಜ್ ಸಾಹ್ನಿ 1973ರ ಏಪ್ರಿಲ್ 13ರಂದೇ ತೀರಿಕೊಂಡಿದ್ದರು. ಅರವತ್ತು ತುಂಬಲು 18 ದಿನ ಬಾಕಿ ಇತ್ತು.

ಸಾಹ್ನಿಯನ್ನು ಹೊಗಳುವವರೆಲ್ಲ ಒಂದೇ ಮಾತು ಹೇಳುತ್ತಾ ಬಂದರು: ಸಹಜ ಅಭಿನಯ. ಅಭಿನಯಿಸಿದ ಹಾಗೇ ಕಾಣೋದಿಲ್ಲ ಅನ್ನೋದು ಇದರ ಅರ್ಥ. ಕೇಳಿದರೆ ಹುಟ್ಟಾ ನಟ, ನೀರು ಕುಡಿದಷ್ಟು ಸಲೀಸಾಗಿ ಪಾತ್ರ ಮಾಡುತ್ತಿದ್ದ ಅನ್ನಿಸಬೇಕು. ಹುಟ್ಟಾ ಎಲ್ಲಿ ಬಂತು! ಕ್ಯಾಮೆರಾ ಕಂಡರೆ ಗಡಗಡ ನಡುಗುತ್ತಿದ್ದ ಆಸಾಮಿ. ಮೂವತ್ತೆಂಟರ ಪ್ರಾಯದಲ್ಲಿ ಸೆಟ್ಟಿನ ಮೇಲೆ ಹೆದರಿ ಪ್ಯಾಂಟು ಒದ್ದೆ ಮಾಡಿಕೊಂಡದ್ದನ್ನು ತಾವೇ ಬರೆದುಕೊಂಡಿದ್ದಾರೆ. ಎಷ್ಟು ಜನ ನಟರು ಇದನ್ನು ಬರೆದಾರು?

ಹುಟ್ಟಿದ್ದು 1913ರ ಮೇ 1ರಂದು, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯ ಮನೆತನದಲ್ಲಿ. ತಂದೆ ಬಟ್ಟೆ ವ್ಯಾಪಾರದ ಕಮಿಷನ್ ಏಜೆಂಟರು, ಕಟ್ಟಾ ಆರ್ಯಸಮಾಜಿ. ಮಗುವಿಗೆ ಮೊದಲು ಇಟ್ಟ ಹೆಸರು ಯುಧಿಷ್ಠಿರ. ಮನೆಯ ಹಿರಿಯಳೊಬ್ಬಳಿಗೆ ಆ ಹೆಸರು ನಾಲಗೆಯ ಮೇಲೆ ಹೊರಳದೆ ಬಲರಾಜ ಆಯಿತು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಅಪ್ಪನ ಅಂಗಡಿಯಲ್ಲಿ ಕೂತು, ಅದು ಹಿಡಿಸದೆ ಹೆಂಡತಿ ದಮಯಂತಿಯನ್ನು ಕರೆದುಕೊಂಡು ಮನೆ ಬಿಟ್ಟರು. ಲಾಹೋರಿನಲ್ಲಿ ಪತ್ರಿಕೆ ಮಾಡಿ ಕೈ ಸುಟ್ಟುಕೊಂಡರು. (ಪತ್ರಿಕೆ ಮಾಡಿ ಕೈ ಸುಟ್ಟುಕೊಳ್ಳದವರು ಯಾರಿದ್ದಾರೆ, ಬಿಡಿ.) ಆಮೇಲೆ ಶಾಂತಿನಿಕೇತನದಲ್ಲಿ ಮೇಷ್ಟ್ರು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರೆಯುತ್ತಿದ್ದ ಈ ಹುಡುಗನಿಗೆ ತಾಯಿನುಡಿ ಪಂಜಾಬಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದವರು ರವೀಂದ್ರನಾಥ ಟಾಗೋರರೇ. ಆ ಬುದ್ಧಿ ತಲೆಗೆ ಹತ್ತಲು ವರ್ಷಗಟ್ಟಲೆ ಹಿಡಿಯಿತು. ಹತ್ತಿದ ಮೇಲೆ ಮಾತ್ರ ಸಾಯೋವರೆಗೆ ಪಂಜಾಬಿ ಬಿಡಲಿಲ್ಲ.

ಅಲ್ಲಿಂದ ಸೇವಾಗ್ರಾಮ, ಗಾಂಧೀಜಿಯ ‘ನಯೀ ತಾಲೀಮ್’ ಪತ್ರಿಕೆಯ ಕೆಲಸ. 1940ರಲ್ಲಿ ಲಂಡನ್, ಬಿಬಿಸಿಯಲ್ಲಿ ಹಿಂದಿ ಅನೌನ್ಸರ್. ತಲೆ ಮೇಲೆ ಜರ್ಮನರ ಬಾಂಬು ಬೀಳುತ್ತಿದ್ದ ಊರಿನಲ್ಲಿ ನಾಲ್ಕು ವರ್ಷ ಇದ್ದು, ಸೋವಿಯತ್ ಸಿನಿಮಾ ನೋಡಿ, ಮಾರ್ಕ್ಸ್‌ನನ್ನು ಓದಿ 1944ರಲ್ಲಿ ವಾಪಸ್ಸು ಬಂದಾಗ ಮನುಷ್ಯ ಕೆಂಪಾಗಿದ್ದರು. ಸೂಟು ಬೂಟು ಮಾತ್ರ ಹಾಗೇ ಇತ್ತು.

ಬೊಂಬಾಯಿಯಲ್ಲಿ ಆಗ ಇಪ್ಟಾ ಅನ್ನೋ ಜನನಾಟಕ ಸಂಘದ ಭರಾಟೆ. ಸುಮ್ಮನೆ ನೋಡಿ ಬರೋಣ ಅಂತ ಒಂದು ಸಭೆಗೆ ಹೋದರು. ಖ್ವಾಜಾ ಅಹಮದ್ ಅಬ್ಬಾಸ್ ತಮ್ಮ ‘ಜುಬೇದಾ’ ನಾಟಕ ಓದಿ ಮುಗಿಸಿ, ಇದನ್ನು ಬಲರಾಜ್ ಸಾಹ್ನಿ ನಿರ್ದೇಶಿಸುತ್ತಾರೆ ಅಂತ ಘೋಷಿಸಿಬಿಟ್ಟರು. ಕೇಳಲೂ ಇಲ್ಲ, ಒಪ್ಪಿಸಲೂ ಇಲ್ಲ! ಹೀಗೆ ತಗುಲಿಕೊಂಡ ಬಣ್ಣ ಕೊನೆಯವರೆಗೂ ಹೋಗಲಿಲ್ಲ. 1946ರಲ್ಲಿ ಬಂಗಾಳದ ಬರಗಾಲದ ಮೇಲೆ ಅದೇ ಸಂಘ ತೆಗೆದ ‘ಧರ್ತೀ ಕೆ ಲಾಲ್’ ಚಿತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಪಾತ್ರ ಮಾಡಿದರು. ಬಲ್ಲವರು ಮೆಚ್ಚಿದರು. ಮಾರನೇ ವರ್ಷವೇ, 1947ರಲ್ಲಿ, ದಮಯಂತಿ ತೀರಿಕೊಂಡರು. ಎರಡು ಎಳೆ ಕೂಸು. ಅದೇ ವರ್ಷ ದೇಶ ಒಡೆದು ರಾವಲ್ಪಿಂಡಿಯ ಮನೆಯೂ ಗಡಿಯ ಆಚೆಗೆ ಹೋಯಿತು.

ಮುಂದಿನ ದಿನಗಳು ಬಹಳ ಕಷ್ಟದವು. 1949ರ ಹೊತ್ತಿಗೆ ಕಮ್ಯುನಿಸ್ಟರ ಮೆರವಣಿಗೆಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಆಗ ಒಪ್ಪಿಕೊಂಡಿದ್ದ ಚಿತ್ರ ದಿಲೀಪ್ ಕುಮಾರ್ ನಾಯಕನಾದ ‘ಹಲ್‌ಚಲ್’. ಅದರಲ್ಲಿ ಸಾಹ್ನಿಯದು ಯಾವ ಪಾತ್ರ ಅಂತೀರಿ? ಜೈಲರ್! ಪೊಲೀಸರ ಕಾವಲಿನಲ್ಲಿ ಜೈಲಿನಿಂದ ಸ್ಟುಡಿಯೋಗೆ ಬಂದು, ಜೈಲರನ ಯೂನಿಫಾರಂ ತೊಟ್ಟು, ಇನ್ನೊಬ್ಬನನ್ನು ಕಂಬಿಯ ಹಿಂದೆ ಹಾಕಿ, ಯೂನಿಫಾರಂ ಬಿಚ್ಚಿಟ್ಟು ಮತ್ತೆ ತಾವು ಕಂಬಿಯ ಹಿಂದೆ ಹೋಗುತ್ತಿದ್ದರು. ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಇದು ನಂಬುವ ಮಾತಲ್ಲ ಅಂತ ಕತ್ತರಿ ಹಾಕುತ್ತಿದ್ದರು.

ಪ್ಯಾಂಟು ಒದ್ದೆಯಾದ ಪ್ರಸಂಗ ನಡೆದದ್ದು ‘ಹಮ್ ಲೋಗ್’ ಚಿತ್ರದ ಹೊತ್ತಿಗೆ. ಜಿಯಾ ಸರ್ಹದಿ ನಿರ್ದೇಶನ, 1951. ಮಾತು ಹೊರಡುತ್ತಿಲ್ಲ, ಕೈಕಾಲು ಮರಗಟ್ಟಿ ಹೋಗಿವೆ. ಜೊತೆಯವರು ಧೈರ್ಯ ತುಂಬಿ ತುಂಬಿ, ಒಳಗಿನ ಸಿಟ್ಟನ್ನೇ ಪಾತ್ರಕ್ಕೆ ಹಾಕಿಸಿದ ಮೇಲೆ ಹೇಗೋ ದಡ ಸೇರಿತು. ಚಿತ್ರ ಓಡಿತು. ಅದೇ ವರ್ಷ ಬಂದ ಗುರುದತ್ತರ ‘ಬಾಜಿ’ ಚಿತ್ರಕ್ಕೆ ಕಥೆ ಚಿತ್ರಕಥೆ ಬರೆದುಕೊಟ್ಟವರೂ ಸಾಹ್ನಿಯೇ. ಬರವಣಿಗೆ ನೀರಿನಂತೆ ಬರುತ್ತಿತ್ತು, ಬರದೆ ಕಾಡಿದ್ದು ಅಭಿನಯ.

ಹಾಗಾದರೆ ಆ ಸಹಜ ಎಲ್ಲಿಂದ ಬಂತು? ಕಲ್ಕತ್ತೆಯ ಬೀದಿಯಿಂದ ಬಂತು.

ಬಿಮಲ್ ರಾಯ್ ‘ದೋ ಬೀಘಾ ಜಮೀನ್’ ತೆಗೆಯಲು ಹೊರಟಿದ್ದರು. ಎರಡು ಬೀಘಾ ಹೊಲದ ಬಡ ರೈತ ಶಂಭು ಮಹತೋ. ತನ್ನ ಲೆಕ್ಕದಲ್ಲಿ ಸಾಲ 65 ರೂಪಾಯಿ, ಜಮೀನುದಾರನ ಕಾಗದದಲ್ಲಿ 235. ಮೂರು ತಿಂಗಳಲ್ಲಿ ಕಟ್ಟದಿದ್ದರೆ ಹೊಲ ಹೋಯಿತು. ಹಣ ದುಡಿಯಲು ಕಲ್ಕತ್ತೆಗೆ ಹೋಗಿ ಕೈಯಲ್ಲಿ ಎಳೆಯುವ ರಿಕ್ಷಾ ಹಿಡಿಯುತ್ತಾನೆ. ಈ ಪಾತ್ರಕ್ಕೆ ಯಾರೋ ಹೇಳಿಕಳಿಸಿದ್ದಾರೆಂದು ಲಂಡನ್ನಿನ ಸೂಟು ತೊಟ್ಟ ಕೆಂಪನೆ ಆಳು ಬಂದು ನಿಂತರೆ ಬಿಮಲ್ ರಾಯ್‌ಗೆ ಹೇಗಾಗಬೇಡ! ತಪ್ಪು ಮನುಷ್ಯನನ್ನು ಕರೆತಂದಿದ್ದಾರೆ ಅಂದುಕೊಂಡರು. ‘ಧರ್ತೀ ಕೆ ಲಾಲ್’ನಲ್ಲಿ ಹಸಿದ ರೈತನ ಪಾತ್ರ ಮಾಡಿದವನು ತಾನೇ ಅಂತ ಸಾಹ್ನಿ ನೆನಪಿಸಿದ ಮೇಲೆ ಮಾತು ಮುಂದುವರಿಯಿತು.

ಸಾಹ್ನಿ ಬೊಂಬಾಯಿಯ ಹೊರಗಿದ್ದ ಜೋಗೇಶ್ವರಿಗೆ ಹೋಗಿ, ಎಮ್ಮೆ ಕಟ್ಟಿ ಹಾಲು ಮಾರುವ ಉತ್ತರದ ಭಯ್ಯಾಗಳ ನಡುವೆ ಕೂತರು. ಅವರು ಹೇಗೆ ಕೂರುತ್ತಾರೆ, ಹೇಗೆ ತುತ್ತು ಎತ್ತುತ್ತಾರೆ, ತಲೆಗೆ ಬಟ್ಟೆ ಹೇಗೆ ಸುತ್ತುತ್ತಾರೆ ಅಂತ ನೋಡಿದ್ದೇ ನೋಡಿದ್ದು. ಆಮೇಲೆ ಕಲ್ಕತ್ತೆ. ರಿಕ್ಷಾ ಎಳೆಯುವವರಿಂದಲೇ ಎಳೆಯೋದು ಕಲಿತರು. ಬರಿಗಾಲು, ಕಾದ ಟಾರು ರಸ್ತೆ. ಒಮ್ಮೆ ಅದೇ ವೇಷದಲ್ಲಿ ಬೀಡಾ ಅಂಗಡಿಗೆ ಹೋಗಿ ದುಬಾರಿ ಸಿಗರೇಟು ಕೇಳಿದರೆ ಅಂಗಡಿಯವನು ಗದರಿಸಿದ. ನೋಟು ಕೊಟ್ಟರೆ ಅದು ಅಸಲಿಯೋ ನಕಲಿಯೋ ಅಂತ ತಿರುಗಿಸಿ ತಿರುಗಿಸಿ ನೋಡಿದ. ಯಾವ ವಿಮರ್ಶಕನೂ ಕೊಡದ ಸರ್ಟಿಫಿಕೇಟು ಅದು.

ಆದರೂ ಒಳಗೆ ಭಯ. ಎಂ.ಎ. ಓದಿದವನು ರೈತನ ವೇಷ ಹಾಕಿ ಮೋಸ ಮಾಡುತ್ತಿದ್ದೇನೆ ಅನ್ನೋ ಅಳುಕು. ಕುಗ್ಗಿ ಕೂತಿದ್ದಾಗ ನಡುವಯಸ್ಸಿನ ಒಬ್ಬ ರಿಕ್ಷಾದವನು ಹತ್ತಿರ ಬಂದು ಇದೆಲ್ಲ ಏನು ಅಂತ ವಿಚಾರಿಸಿದ. ಬಿಹಾರದವನು. ಸಾಹ್ನಿ ಚಿತ್ರದ ಕಥೆ ಹೇಳಿದರು. ಕೇಳುತ್ತಾ ಕೇಳುತ್ತಾ ಅವನ ಕಣ್ಣಲ್ಲಿ ನೀರು. ಅವನದೂ ಎರಡೇ ಬೀಘಾ ಜಮೀನು, ಅದೂ ಜಮೀನುದಾರನ ಹತ್ತಿರ ಒತ್ತೆ, ಬಿಡಿಸಿಕೊಳ್ಳಲು ಹದಿನೈದು ವರ್ಷದಿಂದ ಕಲ್ಕತ್ತೆಯಲ್ಲಿ ರಿಕ್ಷಾ ಎಳೆಯುತ್ತಿದ್ದ. ಬಿಡಿಸಿಕೊಳ್ಳುವ ಆಸೆ ಆಗಲೇ ಬತ್ತಿತ್ತು. ಅವತ್ತಿನಿಂದ ಸಾಹ್ನಿ ಪುಸ್ತಕದಲ್ಲಿ ಓದಿದ ಅಭಿನಯ ಶಾಸ್ತ್ರವನ್ನೆಲ್ಲ ಮೂಟೆ ಕಟ್ಟಿಟ್ಟರು. ಆ ಮನುಷ್ಯನನ್ನೇ ಒಳಗೆ ಕೂರಿಸಿಕೊಂಡರು. ಪೈಸೆ ಆಸೆಗೆ ರಿಕ್ಷಾವನ್ನು ಕುದುರೆಗಿಂತ ಜೋರಾಗಿ ಓಡಿಸುವ ದೃಶ್ಯ ಉಂಟಲ್ಲ, ಚಕ್ರ ಕಳಚಿ ಬೀಳೋದು, ಅದನ್ನು ನೋಡಿ ಕಣ್ಣು ತಿರುಗಿಸದವರು ಕಡಿಮೆ. ನಟ ಓಡುತ್ತಿದ್ದಾನೆ ಅಂತ ಅನ್ನಿಸೋದೇ ಇಲ್ಲ.

‘ದೋ ಬೀಘಾ ಜಮೀನ್’ 1953ರಲ್ಲಿ ತೆರೆ ಕಂಡಿತು. ಮಾರನೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅಂತಾರಾಷ್ಟ್ರೀಯ ಬಹುಮಾನ. ಆಗತಾನೆ ಶುರುವಾಗಿದ್ದ ಫಿಲಂಫೇರ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಅದೇ, ಅತ್ಯುತ್ತಮ ನಿರ್ದೇಶಕ ಬಿಮಲ್ ರಾಯ್. ಅತ್ಯುತ್ತಮ ನಟ? ‘ದಾಗ್’ ಚಿತ್ರಕ್ಕೆ ದಿಲೀಪ್ ಕುಮಾರ್. ದಿಲೀಪ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರ ಒಳ್ಳೆಯದು, ನಿರ್ದೇಶನ ಒಳ್ಳೆಯದು, ಚಿತ್ರವನ್ನು ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ಓಡಿದವನಿಗೆ ಏನೂ ಇಲ್ಲ ಅಂದರೆ ಯಾವ ನ್ಯಾಯ? ಅಭಿನಯಿಸಿದಂತೆ ಕಾಣದ ಅಭಿನಯದ ಕಷ್ಟವೇ ಇದು. ಕಂಡರಲ್ಲವೇ ಬಹುಮಾನ ಕೊಡೋದು! ಅವತ್ತು ಶುರುವಾದ ಅಡ್ಡಗಣ್ಣು ಕೊನೆಯವರೆಗೂ ನಡೆಯಿತು. ಫಿಲಂಫೇರಿನ ಅತ್ಯುತ್ತಮ ನಟ ಪ್ರಶಸ್ತಿ ಬಲರಾಜ್ ಸಾಹ್ನಿಗೆ ಒಮ್ಮೆಯೂ ಬರಲಿಲ್ಲ.

ಆಮೇಲೆ ಚಿತ್ರಗಳ ಮೇಲೆ ಚಿತ್ರ. ‘ಗರಂ ಕೋಟ್’, ‘ಸೀಮಾ’, ‘ಅನುರಾಧಾ’, ‘ಹಕೀಕತ್’. 1961ರ ‘ಕಾಬೂಲಿವಾಲಾ’ದಲ್ಲಿ ಒಣಹಣ್ಣು ಮಾರುವ ಪಠಾಣ ರಹಮತ್. ಊರಲ್ಲಿ ಬಿಟ್ಟು ಬಂದ ಮಗಳ ಅಂಗೈ ಅಚ್ಚನ್ನು ಕಾಗದದಲ್ಲಿ ಮಡಿಸಿ ಎದೆಗೆ ಇಟ್ಟುಕೊಂಡವನು. ರಾವಲ್ಪಿಂಡಿಯ ಕಡೆಯವರಿಗೆ ಪಠಾಣರ ಮಾತಿನ ಧಾಟಿ ಹೊಸದಲ್ಲ, ಸಾಹ್ನಿ ಅದನ್ನು ಹಾಗೇ ತಂದಿಟ್ಟರು. 1965ರ ‘ವಕ್ತ್’ನಲ್ಲಿ ಹೆಂಡತಿಯನ್ನು ಹೊಗಳಿ ಹಾಡುವ ಲಾಲಾ ಕೇದಾರನಾಥನಾಗಿ ಗಾಂಧಿ ಕ್ಲಾಸಿನವರಿಂದ ಶಿಳ್ಳೆಯನ್ನೂ ಹೊಡೆಸಿದರು. ಒಟ್ಟು ನೂರಕ್ಕೂ ಮೀರಿ ಚಿತ್ರ. ಎಲ್ಲವೂ ಚಿನ್ನ ಅಂದರೆ ಸುಳ್ಳಾದೀತು. ಅಣ್ಣ, ಅಪ್ಪ, ತ್ಯಾಗಮೂರ್ತಿ ಗಂಡ ಅಂತ ಹೊಟ್ಟೆಪಾಡಿಗೆ ಮಾಡಿದ ಪಾತ್ರಗಳು ಬೇಕಾದಷ್ಟು. ಅವುಗಳಲ್ಲೂ ಎಲ್ಲೋ ಒಂದು ಕಡೆ, ಕನ್ನಡಕ ಒರೆಸಿಕೊಳ್ಳುವಾಗಲೋ ಬಾಗಿಲು ದಾಟುವಾಗಲೋ, ನಿಜವಾದ ಮನುಷ್ಯ ಇಣುಕಿ ಹೋಗುತ್ತಾನೆ. 1969ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು.

ನಾಟಕ ಮಾತ್ರ ಬಿಡಲಿಲ್ಲ. ಇಪ್ಟಾದಲ್ಲೇ ಮೈಸೂರಿನ ಸತ್ಯು ಗಂಟು ಬಿದ್ದದ್ದು. ‘ಹಕೀಕತ್’ ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಸತ್ಯು, ಅದರಲ್ಲಿ ಪಾತ್ರ ಮಾಡಿದವರು ಸಾಹ್ನಿ. ಗಾಲಿಬ್ ಶತಮಾನೋತ್ಸವದ ಹೊತ್ತಿಗೆ ಕೈಫಿ ಆಜ್ಮಿ ಬರೆದ ‘ಆಖ್ರಿ ಶಮಾ’ ನಾಟಕವನ್ನು ಸತ್ಯು ಆಡಿಸಿದಾಗ ಗಾಲಿಬ್ ಆದವರು ಸಾಹ್ನಿಯೇ. ಹಾಗಾಗಿ ‘ಗರಂ ಹವಾ’ದ ಮುದುಕ ಮಿರ್ಜಾ ಯಾರು ಅಂತ ಸತ್ಯು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಇಸ್ಮತ್ ಚುಗ್ತಾಯಿಯ ಕಥೆ. ಕೈಫಿ ಮತ್ತು ಸತ್ಯು ಅವರ ಪತ್ನಿ ಶಮಾ ಜೈದಿ ಸೇರಿ ಚಿತ್ರಕಥೆ ಬರೆದರು. ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ ರೂಪಾಯಿ. ಒಂದೇ ಕ್ಯಾಮೆರಾ. ಧ್ವನಿ ಹಿಡಿಯುವ ಯಂತ್ರಕ್ಕೆ ಕಾಸಿಲ್ಲದೆ ಮಾತನ್ನೆಲ್ಲ ಆಮೇಲೆ ಡಬ್ ಮಾಡಿದ್ದು. ಆಗ್ರಾದ ಬೀದಿಯಲ್ಲಿ ವಿರೋಧ ಎದ್ದಾಗ ಖಾಲಿ ಕ್ಯಾಮೆರಾ ಕೊಟ್ಟು ಒಂದು ಡಮ್ಮಿ ತಂಡವನ್ನು ಇನ್ನೊಂದು ಬೀದಿಗೆ ಕಳಿಸಿ, ಜನರೆಲ್ಲ ಅತ್ತ ಓಡಿದಾಗ ಇತ್ತ ಅಸಲಿ ಶೂಟಿಂಗ್ ಮುಗಿಸುತ್ತಿದ್ದರು. ಮೈಸೂರಿನವರ ತಲೆ, ಏನಂತೀರಿ!

ದೇಶ ಒಡೆದ ಮೇಲೆ ಸಲೀಂ ಮಿರ್ಜಾನ ನೆಂಟರೆಲ್ಲ ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಈತ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಟಾಂಗಾದಲ್ಲಿ ವಾಪಸ್ಸು ಬರುತ್ತಾನೆ. ಹುಟ್ಟಿದ ಊರು ಬಿಡಲು ಮನಸ್ಸಿಲ್ಲ. ಮನೆ ಅಣ್ಣನ ಹೆಸರಲ್ಲಿದ್ದದ್ದರಿಂದ ಅದೂ ಸರ್ಕಾರದ ಪಾಲಾಗುತ್ತದೆ. ಬ್ಯಾಂಕಿನವರು ಸಾಲ ಕೊಡೋದಿಲ್ಲ, ಬಾಡಿಗೆಗೆ ಮನೆ ಸಿಗೋದಿಲ್ಲ, ಕೊನೆಗೆ ಗೂಢಚಾರನೆಂಬ ಅಪವಾದ. ಇದನ್ನೆಲ್ಲ ಸಾಹ್ನಿ ಒಂದು ಸಲವೂ ಎದೆ ಬಡಿದುಕೊಳ್ಳದೆ ಮಾಡಿದರು. ಅವಮಾನ ಆದಾಗಲೆಲ್ಲ ಇನ್ನಷ್ಟು ಮರ್ಯಾದೆಯಿಂದ ಸಲಾಂ ಹೇಳಿ ಮೆಟ್ಟಿಲು ಇಳಿಯುತ್ತಾನೆ ಮಿರ್ಜಾ. ನೋಡುವವರಿಗೇ ಹೊಟ್ಟೆ ಉರಿಯುತ್ತದೆ. ಗಮನಿಸಬೇಕಾದದ್ದು ಇನ್ನೊಂದಿದೆ: ಪಾಕಿಸ್ತಾನದ ಪಾಲಾದ ರಾವಲ್ಪಿಂಡಿಯ ಮನೆ ಕಳಕೊಂಡ ಹಿಂದೂ, ಪಾಕಿಸ್ತಾನಕ್ಕೆ ಹೋಗಲೊಲ್ಲದ ಮುಸಲ್ಮಾನನಾಗಿ ನಿಂತ. ಮನೆ ಬಿಡೋದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ವಿಮರ್ಶಕರು ಎಲ್ಲಕ್ಕಿಂತ ಹೆಚ್ಚು ಬರೆದದ್ದು ಒಂದು ದೃಶ್ಯದ ಬಗ್ಗೆ. ಮಿರ್ಜಾನ ಮಗಳು ಆಮಿನಾಳಿಗೆ ಎರಡು ಸಲ ಮದುವೆಯ ಮಾತಾಗಿ ಎರಡೂ ಸಲ ಮುರಿಯುತ್ತದೆ. ಮದುವೆಯ ಉಡುಪು ಉಟ್ಟು ಪ್ರಾಣ ಬಿಡುತ್ತಾಳೆ. ಅಪ್ಪ ಕೋಣೆಗೆ ಬರಬೇಕು, ನೋಡಬೇಕು. ಇಷ್ಟೇ ದೃಶ್ಯ.

ಸಾಹ್ನಿಯ ಸ್ವಂತ ಮಗಳು ಸತ್ತು ಆಗ ಹೆಚ್ಚು ದಿನ ಆಗಿರಲಿಲ್ಲ. ಮದುವೆಯಲ್ಲಿ ಸುಖ ಕಾಣದೆ ಮನಸ್ಸು ಕೆಡಿಸಿಕೊಂಡ ಹುಡುಗಿ 1972ರಲ್ಲಿ ತೀರಿಕೊಂಡಿದ್ದಳು. ಇದು ಸೆಟ್ಟಿನಲ್ಲಿದ್ದವರಿಗೆಲ್ಲ ಗೊತ್ತು. ಸತ್ಯು ಈ ದೃಶ್ಯವನ್ನು ಹೆಚ್ಚು ವಿವರಿಸಲು ಹೋಗಲಿಲ್ಲ, ಯಾವ ಬಾಯಿಂದ ವಿವರಿಸೋದು? ಸಾಹ್ನಿ ಒಳಗೆ ಬಂದರು, ನೋಡಿದರು. ಅಳಲಿಲ್ಲ, ಕೂಗಲಿಲ್ಲ. ತೆರೆಯ ಮೇಲೆ ಕಾಣೋದು ಒಂದು ಮುಖ, ಅದರಲ್ಲಿ ಏನೂ ಇಲ್ಲ, ಏನೂ ಉಳಿದಿಲ್ಲ. ಇದನ್ನು ಶ್ರೇಷ್ಠ ಅಭಿನಯ ಅಂತ ಪೇಪರಿನವರು ಹಾಡಿ ಹೊಗಳಿದರು. ತಪ್ಪಂತಲ್ಲ. ಆದರೆ ಅದು ಅಭಿನಯವೇ? ಅಪ್ಪನೊಬ್ಬನ ಹೊಟ್ಟೆಯ ಸಂಕಟಕ್ಕೆ ಮಾರ್ಕು ಹಾಕೋದು ಹೇಗೆ? ಅಭಿನಯವಲ್ಲ ಅಂದುಬಿಡಲೂ ಆಗೋದಿಲ್ಲ. ನೋವು ಎಲ್ಲರ ಮನೆಯಲ್ಲೂ ಇರುತ್ತದೆ. ಲೈಟು, ಕ್ಯಾಮೆರಾ, ಹತ್ತಾರು ಜನರ ನಡುವೆ ಅದನ್ನು ಹೊರಗೆ ಚೆಲ್ಲದೆ ಹಿಡಿದು ನಿಲ್ಲಲು ‘ಹಮ್ ಲೋಗ್’ ಕಾಲದ ನಡುಗುವ ಸಾಹ್ನಿಯಿಂದ ಆಗುತ್ತಿರಲಿಲ್ಲ. ಕಲಿಯಲು ಇಪ್ಪತ್ತೆರಡು ವರ್ಷ ಹಿಡಿದಿತ್ತು.

ಶೂಟಿಂಗ್ ಮುಗಿಯಿತು. ಬೊಂಬಾಯಿಯಲ್ಲಿ ಡಬ್ಬಿಂಗ್ ಮುಗಿಸಿ ಸಾಹ್ನಿ ಮನೆಗೆ ಹೋದರು. ಅವತ್ತು ಹೇಳಿದ ಕೊನೆಯ ಮಾತು, ಮನುಷ್ಯ ಎಷ್ಟು ದಿನ ಒಂಟಿಯಾಗಿ ಬದುಕಿಯಾನು ಅನ್ನುವ ಅರ್ಥದ್ದು. ಮಾರನೇ ದಿನ ಹೃದಯಾಘಾತ. ಮುಗಿದ ಚಿತ್ರವನ್ನು ಕಣ್ಣಿಂದ ನೋಡಲಿಲ್ಲ.

ಸೆನ್ಸಾರಿನವರು ಚಿತ್ರವನ್ನು ತಿಂಗಳುಗಟ್ಟಲೆ ತಡೆದಿಟ್ಟರು. ಕೋಮು ಗಲಭೆ ಆಗುತ್ತದೆ ಅನ್ನೋದು ಅವರ ಭಯ. ಸತ್ಯು ದೆಹಲಿಯಲ್ಲಿ ಮಂತ್ರಿಗಳಿಗೆ, ವಿರೋಧ ಪಕ್ಷದವರಿಗೆ, ಪತ್ರಕರ್ತರಿಗೆ ತೋರಿಸುತ್ತಾ ಅಲೆದರು. ಇಂದಿರಾ ಗಾಂಧಿ ನೋಡಿದ ಮೇಲೆ ಬಾಗಿಲು ತೆರೆಯಿತು. ಗಲಭೆ ಮಾಡಿಸುತ್ತದೆ ಅಂತ ತಡೆದ ಅದೇ ಚಿತ್ರಕ್ಕೆ ಕೇಂದ್ರ ಸರ್ಕಾರ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಕೊಟ್ಟಿತು! 1974ರಲ್ಲಿ ಕಾನ್ ಸ್ಪರ್ಧೆಗೂ ಹೋಯಿತು. ಫಿಲಂಫೇರಿನವರು ಕಥೆಗೆ ಇಸ್ಮತ್‌ಗೆ, ಚಿತ್ರಕಥೆಗೆ ಶಮಾ ಮತ್ತು ಕೈಫಿಗೆ, ಸಂಭಾಷಣೆಗೆ ಮತ್ತೆ ಕೈಫಿಗೆ, ಹೀಗೆ ಮೂರು ಪ್ರಶಸ್ತಿ ಕೊಟ್ಟರು. ಮಿರ್ಜಾನಿಗೆ ಈ ಸಲವೂ ಇಲ್ಲ.

ಚಿತ್ರದ ಕೊನೆಯಲ್ಲಿ ಮಿರ್ಜಾ ಸೋತು, ಹೆಂಡತಿ ಮತ್ತು ಕಿರಿಮಗ ಸಿಕಂದರನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಸ್ಟೇಷನ್ನಿಗೆ ಹೊರಡುತ್ತಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಅಡ್ಡ ಬರುತ್ತದೆ. ಮಗ ಇಳಿದು ಸೇರಿಕೊಳ್ಳುತ್ತಾನೆ. ಅಪ್ಪ ಒಂದು ಗಳಿಗೆ ನೋಡಿ, ಹೆಂಡತಿಯನ್ನು ಮನೆಗೆ ವಾಪಸ್ಸು ಕಳಿಸಿ, ತಾನೂ ಇಳಿದು ಗುಂಪಿನೊಳಗೆ ಹೋಗಿಬಿಡುತ್ತಾನೆ. ಸಿಕಂದರನ ಪಾತ್ರದಲ್ಲಿ ಮೊದಲ ಸಲ ಬಣ್ಣ ಹಚ್ಚಿದ ಹುಡುಗ ಫಾರೂಕ್ ಶೇಖ್, ಸಂಭಾವನೆ 750 ರೂಪಾಯಿ. 2014ರ ನವೆಂಬರಿನಲ್ಲಿ ಹಳೆಯ ಪ್ರಿಂಟನ್ನು ತೊಳೆದು ಸರಿಮಾಡಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು. 84ರ ಸತ್ಯು ಇದ್ದರು. ಫಾರೂಕ್ ಶೇಖ್ ಹಿಂದಿನ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಟಾಂಗಾದಿಂದ ಇಳಿದು ಹೋದ ಅಪ್ಪ ಮಗ ಇಬ್ಬರಲ್ಲಿ ಒಬ್ಬರೂ ಆ ಹೊಸ ಪ್ರಿಂಟು ನೋಡಲಿಲ್ಲ.